ನೀರು ನೋಡಿ ದೋಣಿ

ಮುಂಬಯಿ ನೀರಿನ ನಡುವಿನ ಊರು ಎಂಬುದನ್ನು ನಾವೆಲ್ಲ ಶಾಲೆಯ ಭೂಗೋಳದಲ್ಲಿ ಓದಿ, ಇಲ್ಲಿಗೆ ಬಂದ ಮೇಲೆ ಮರೆತವರು. ಮಾಹಿಮ ಬಾಂದ್ರಾಗಳ ನಡುವೆ ಲೋಕಲ್ ಗಾಡಿ ಒಂದು ಖಾಡಿಯನ್ನು ದಾಟುತ್ತದೆ. ಭಾಯಂದರ್ ಬಿಟ್ಟು ನಾಯಗಾಂವಿಗೆ ಹೋಗುವಾಗ ವಸಯಿಯ ಖಾಡಿ ಬರುತ್ತದೆ. ಮಾನಖುರ್ದಿನಿಂದ ವಾಶಿಗೆ ಹೋಗುವಾಗ ಠಾಣೆಯ ಖಾಡಿ. ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾದೊಡನೆ ಬಾಗಿಲಲ್ಲಿ ನಿಂತ ಯಾರೋ ಒಬ್ಬರು ದೇವರಿಗೆ ಏರಿಸಿದ ಬಾಡಿದ ಹೂವಿನ ಗಂಟನ್ನು ನೀರಿಗೆ ಎಸೆದು ಕೈಮುಗಿಯುತ್ತಾರೆ. ಉಳಿದವರು ಕೈಯಲ್ಲಿರುವ ಫೋನಿನಿಂದ ಕಣ್ಣೆತ್ತುವುದಿಲ್ಲ. ನೀರಿಗೂ ನಮಗೂ ಇರುವ ಸಂಬಂಧ ಅಷ್ಟೆ. ಕಚೇರಿಯ ಗುಮಾಸ್ತರಿಗೆ ನೀರೆಂದರೆ ಬೆಳಗಿನ ನಳದ ನೀರು. ಅದು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದೊಂದೇ ನಾವು ಬಲ್ಲ ಉಬ್ಬರವಿಳಿತ.

ಹೀಗಿದ್ದ ನಮ್ಮನ್ನು ಹೋದ ಚಳಿಗಾಲದಲ್ಲಿ ಮೂರು ಭಾನುವಾರ ನೀರಿನ ದಡಕ್ಕೆ ಎಳೆದು ತಂದದ್ದು ಒಂದು ದೋಣಿ. ಅದೂ ಮುಂಬಯಿಯಲ್ಲಿ ತೇಲುವ ದೋಣಿಯಲ್ಲ; ದೂರದ ಶರಾವತಿಯ ಹಿನ್ನೀರಿನಲ್ಲಿ ತೇಲಬೇಕಾದ ದೋಣಿ.

ನಮ್ಮ ಕೂಟದಲ್ಲಿ ಮೂವರು. ಒಬ್ಬರು ಸಾಗರದ ಕಡೆಯವರು, ಇನ್ನೊಬ್ಬರು ಗಂಗೊಳ್ಳಿಯವರು, ಮೂರನೆಯವರು ಈ ಸಾಲುಗಳನ್ನು ಬರೆಯುತ್ತಿರುವವರು, ಕೆರೆಯೂ ಬತ್ತುವ ಬಯಲುಸೀಮೆಯವರು. ಮೂವರದೂ ಸರಕಾರಿ ಕಚೇರಿಯ ಮೇಜು. ಡೊಂಬಿವಲಿಯ ಗಾಡಿಯಲ್ಲಿ ನಿಂತುಕೊಂಡೇ ಬೆಳೆಸಿದ ಸ್ನೇಹ. ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುವುದು ನಮ್ಮ ಪದ್ಧತಿಯಾದ್ದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇವೆ.

ಸಾಗರದವರ ತಮ್ಮ ತುಮರಿಯ ಆಚೆ ಹಿನ್ನೀರಿನ ಅಂಚಿನಲ್ಲಿದ್ದಾನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಅಜ್ಜನ ಗದ್ದೆ, ಅಡಕೆ ತೋಟ, ಅಂಗಳದ ತುಳಸಿಕಟ್ಟೆ ಎಲ್ಲವೂ ಮುಳುಗಿ, ಮನೆತನ ಗುಡ್ಡದ ಮೇಲಕ್ಕೆ ಸರಿಯಿತು. ಅಜ್ಜ ಉತ್ತ ಗದ್ದೆಯ ಮೇಲೆ ಈಗ ಮೊಮ್ಮಗ ಬಲೆ ಬಿಡುತ್ತಾನೆ. ಹಿಂದಿನ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವನೂ ಅವನ ಹದಿನಾಲ್ಕು ವರ್ಷದ ಮಗನೂ ಬಲೆ ಎತ್ತಿ ಮರಳುತ್ತಿದ್ದಾಗ ಗಾಳಿ ಎದ್ದಿತು. ಚಪ್ಪಟೆ ತಳದ ಹಳೆಯ ದೋಣಿ. ಪಕ್ಕದ ಅಂಚಿನ ಮೇಲಿಂದ ನೀರು ಒಳಕ್ಕೆ ಬಿತ್ತು. ಬಲೆಯನ್ನೂ ಹಿಡಿದ ಮೀನನ್ನೂ ನೀರಿಗೇ ಬಿಟ್ಟು, ಹುಡುಗ ಬುತ್ತಿಯ ಡಬ್ಬಿಯಿಂದ ನೀರು ತೋಡಿ ಚೆಲ್ಲುತ್ತ, ತಂದೆ ಹುಟ್ಟು ಹಾಕುತ್ತ, ಹೇಗೋ ಒಂದು ನಡುಗಡ್ಡೆಗೆ ತಾಗಿದರು. ರಾತ್ರಿಯೆಲ್ಲ ಅಲ್ಲೇ ಕಳೆಯಿತು. ಇತ್ತ ದಡದಲ್ಲಿ ಮನೆಯಾಕೆ ಟಾರ್ಚು ಹಿಡಿದುಕೊಂಡು ಬೆಳಗಿನವರೆಗೆ ನಿಂತಿದ್ದಳು.

ಕೆಲವು ದಿನಗಳಲ್ಲಿ ತಮ್ಮನಿಂದ ಫೋನು ಬಂತು: “ಅಣ್ಣಯ್ಯ, ಈಗ ಅಲ್ಯುಮಿನಿಯಂ ದೋಣಿ ಬಂದಿದೆಯಂತೆ. ಹಗುರವಂತೆ, ತುಕ್ಕು ಹಿಡಿಯುವುದಿಲ್ಲವಂತೆ. ಮುಂಬಯಿಯಲ್ಲಿ ಸಿಗದ್ದು ಯಾವುದುಂಟು? ನೋಡಿ ತಿಳಿಸು.”

ಮುಂಬಯಿಯಲ್ಲಿರುವ ಅಣ್ಣನಿಗೆ ತಿಳಿಯದ್ದು ಯಾವುದೂ ಇಲ್ಲವೆಂದು ಊರಿನವರು ನಂಬಿರುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ನಮ್ಮಲ್ಲಿ ಅನೇಕರ ಅರ್ಧ ಆಯುಷ್ಯ ಸವೆಯುತ್ತದೆ. ಸಾಗರದವರು ಭವಿಷ್ಯನಿಧಿಯಿಂದ ಮುಂಗಡಕ್ಕೆ ಅರ್ಜಿ ಬರೆದರು. ಸರಕಾರಿ ಗುಮಾಸ್ತರಾದ ನಮಗೆ ಮೂರು ದರಪಟ್ಟಿ ತರಿಸದೆ ಪೆನ್ಸಿಲು ಕೊಳ್ಳುವ ಅಭ್ಯಾಸವೂ ಇಲ್ಲ. ಆದ್ದರಿಂದ ದೋಣಿಗೂ ಮೂರು ದರಪಟ್ಟಿ ತರಿಸಿದೆವು. ಎಲ್ಲಕ್ಕಿಂತ ಅಗ್ಗದ್ದು 12 ಅಡಿ ಉದ್ದದ, ಚಪ್ಪಟೆ ತಳದ, ತೆಳು ತಗಡಿನ ದೋಣಿ. ಚಿತ್ರದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಿಯಮದ ಪ್ರಕಾರ ಕಡಿಮೆ ದರಕ್ಕೆ ಒಪ್ಪಿಗೆ ಬರೆದು ಕಡತ ಮುಚ್ಚಬೇಕು. ಗಂಗೊಳ್ಳಿಯವರು ಮಾತ್ರ ಚಿತ್ರವನ್ನು ಮಡಿಸಿ ಜೇಬಿಗಿಟ್ಟರು.

“ದರ ನೋಡುವುದು ಆಮೇಲೆ ಮಾರಾಯ್ರೆ. ಮೊದಲು ನೀರು ನೋಡುವ.”

ಗಂಗೊಳ್ಳಿಯವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಐದು ಹೊಳೆಗಳು ಕೂಡಿ ಕಡಲಿಗೆ ಇಳಿಯುವ ಅಳಿವೆಯಲ್ಲಿ ಅವರ ಅಜ್ಜ ಪಾತಿ ದೋಣಿ ನಡೆಸಿದವರು. ತಂದೆ ಮುಂಬಯಿಗೆ ಬಂದು ಬಂದರಿನಲ್ಲಿ ಖಲಾಸಿಯಾಗಿದ್ದವರು. ಈ ಊರಿಗೆ ಬಂದ ಕನ್ನಡ ಕರಾವಳಿಯವರಲ್ಲಿ ಕಡಲನ್ನು ನಂಬಿದವರು ಮೊದಲಿಗರೆನ್ನಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು 1902ರಲ್ಲಿ. ನಾವು ಇಲ್ಲಿಗೆ ರೈಲು ಹತ್ತಿ ಬಂದವರು. ಅವರ ಹಿರಿಯರಲ್ಲಿ ಹಲವರು ನೀರಿನ ದಾರಿಯಿಂದಲೇ ಬಂದವರು.

ಮೊದಲನೆಯ ಭಾನುವಾರ ಗಂಗೊಳ್ಳಿಯವರು ನಮ್ಮನ್ನು ಕಡಲಿಗೆ ಕರೆದೊಯ್ಯಲಿಲ್ಲ, ಪವಯಿಯ ಕೆರೆಗೆ ಕರೆದೊಯ್ದರು. ಕಾಂಜೂರಮಾರ್ಗದಲ್ಲಿ ಇಳಿದು ಬಸ್ಸು ಹಿಡಿದೆವು. 1891ರಲ್ಲಿ ಊರಿಗೆ ಕುಡಿಯುವ ನೀರು ಒದಗಿಸಲೆಂದು ಕಟ್ಟಿದ ಕೆರೆ ಇದು. ಈಗ ಇದರ ನೀರನ್ನು ಯಾರೂ ಕುಡಿಯುವುದಿಲ್ಲ. ಸುತ್ತಲೂ ಗಗನಕ್ಕೆ ಮುಟ್ಟಿದ ಮನೆಗಳು, ನೀರಿನ ಮೇಲೆ ಅಂತರಗಂಗೆಯ ಹಸುರು, ನೀರಿನ ಒಳಗೆ ಮೊಸಳೆಗಳು. ಗಾಳದ ಕೋಲು ಹಿಡಿದವರು ದಡದಲ್ಲಿ ಕುಳಿತಿದ್ದರು. ಅವರ ತಾಳ್ಮೆ ನಮ್ಮ ಕಚೇರಿಯ ಬಾಗಿಲಲ್ಲಿ ಕಾಯುವ ಅರ್ಜಿದಾರರಿಗೆ ಇದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಅಂದು ಗಾಳಿ ಜೋರಾಗಿಯೇ ಇತ್ತು; ಟೋಪಿ ಹಾರುವಷ್ಟು. ಆದರೆ ನೀರಿನ ಮೇಲೆ ಸುಕ್ಕುಗಳಲ್ಲದೆ ಬೇರೇನೂ ಏಳಲಿಲ್ಲ.

“ಬಸಿಯಲ್ಲಿ ಚಹ ಹಾಕಿಕೊಂಡು ಊದಿ ನೋಡಿ. ಎಷ್ಟು ಊದಿದರೂ ತೆರೆ ಏಳುವುದಿಲ್ಲ. ಗಾಳಿ ಓಡುವುದಕ್ಕೆ ಜಾಗ ಸಾಲದು,” ಎಂದರು ಗಂಗೊಳ್ಳಿಯವರು.

ಪವಯಿಯ ಪಾಠ ಇದೇ. ತೆರೆಯನ್ನು ಮಾಡುವುದು ಗಾಳಿಯ ಬಲ ಒಂದೇ ಅಲ್ಲ. ಅದು ಎಷ್ಟು ಹೊತ್ತು ಬೀಸಿತು, ತೆರೆದ ನೀರಿನ ಮೇಲೆ ಎಷ್ಟು ದೂರ ಓಡಿ ಬಂತು ಎಂಬುದೂ ಸೇರಿ ತೆರೆ ಬೆಳೆಯುತ್ತದೆ. ಪವಯಿ ಹೆಚ್ಚೆಂದರೆ 2 ಚದರ ಕಿಲೋಮೀಟರಿನ ನೀರು. ಲಿಂಗನಮಕ್ಕಿಯ ಜಲಾಶಯ ತುಂಬಿದಾಗ 300 ಚದರ ಕಿಲೋಮೀಟರನ್ನೂ ಮೀರಿ ಹರಡುತ್ತದೆ. ಕಣಿವೆ ಕಣಿವೆಗಳಿಗೆ ಕೈ ಚಾಚಿಕೊಂಡು ಮಲಗುತ್ತದೆ. ಘಟ್ಟದ ಕಡೆಯಿಂದ ನುಗ್ಗಿದ ಗಾಳಿಗೆ ಅಲ್ಲಿ ಮೈಲಿಗಟ್ಟಲೆ ಓಟ. ಇಂಥ ನೀರಿನ ತೆರೆ ಕಡಲಿನ ತೆರೆಯಂತೆಯೂ ಅಲ್ಲ. ದೂರದ ಕಡಲಿನಿಂದ ಉರುಳಿ ಬರುವ ತೆರೆ ಉದ್ದ; ಒಂದರ ತಲೆಯಿಂದ ಇನ್ನೊಂದರ ತಲೆಗೆ 8, 10 ಸೆಕೆಂಡು ಹಿಡಿಯುತ್ತದೆ; ದೋಣಿ ಘಟ್ಟ ಹತ್ತಿದ ಹಾಗೆ ಹತ್ತಿ, ಇಳಿದ ಹಾಗೆ ಇಳಿಯುತ್ತದೆ. ಜಲಾಶಯದ ತೆರೆ ಗಿಡ್ಡ, ಕಡಿದು, ಎರಡು ಮೂರು ಸೆಕೆಂಡಿಗೊಂದು. ರೈಲು ಹಳಿಯ ಅಡ್ಡಪಟ್ಟಿಗಳ ಮೇಲೆ ಸೈಕಲ್ ಬಿಟ್ಟಂತೆ ಅದರ ಮೇಲಿನ ಪ್ರಯಾಣ. ಒಂದು ತೆರೆಯಿಂದ ಮೂತಿ ಇಳಿಸಿ ಸಾವರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದು ಒಳಕ್ಕೆ ಸುರಿಯುತ್ತದೆ. 12 ಅಡಿಯ ದೋಣಿ ಎರಡು ತೆರೆಗಳ ನಡುವಿನ ಗುಂಡಿಯಲ್ಲಿ ಕೂರುತ್ತದೆ; 16 ಅಡಿಯದಾದರೆ ಗುಂಡಿಯನ್ನು ಸ್ವಲ್ಪವಾದರೂ ದಾಟಿಕೊಳ್ಳುತ್ತದೆ. ಹೀಗೆ ಮೊದಲನೆಯ ಭಾನುವಾರವೇ ಅಗ್ಗದ ದರಪಟ್ಟಿಯ ಮೇಲೆ ಕೆಂಪು ಗೆರೆ ಬಿತ್ತು.

ಎರಡನೆಯ ಭಾನುವಾರ ವರ್ಸೋವಾ. ಅಂಧೇರಿಯಿಂದ ಮೆಟ್ರೋ ಹತ್ತಿ, ಅದು ಮುಗಿದಲ್ಲಿಂದ ರಿಕ್ಷಾ ಹಿಡಿದು ಕೋಳಿವಾಡೆಗೆ ಹೋದೆವು. ಬಿದಿರು ಕಟ್ಟಿದ ಚೌಕಟ್ಟುಗಳ ಮೇಲೆ ಬೊಂಬಿಲ್ ಮೀನು ಒಣಗುತ್ತಿತ್ತು. ನಮ್ಮಂಥ ಸಸ್ಯಾಹಾರಿಗಳಿಗೆ ಆ ಗಾಳಿಯನ್ನು ಒಪ್ಪಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಗಂಗೊಳ್ಳಿಯವರಾದರೋ ಎದೆ ತುಂಬ ಉಸಿರೆಳೆದು, ತವರಿಗೆ ಬಂದ ಹೆಣ್ಣುಮಗಳ ಮುಖ ಮಾಡಿದರು.

ವರ್ಸೋವಾದಲ್ಲಿ ಮಾಲಾಡಿನ ಖಾಡಿ ಕಡಲಿಗೆ ಇಳಿಯುತ್ತದೆ. ಆಚೆಯ ದಡ ಮಢ. ದಾಟುವುದು ಕೆಲವೇ ನಿಮಿಷದ ಕೆಲಸ. ಮೋಟಾರುಸೈಕಲ್ಲುಗಳನ್ನೂ ಹತ್ತಿಸಿಕೊಂಡು ದೋಣಿ ಹೋಗುತ್ತದೆ. ಮುಂಬಯಿಯ ಕಡಲಿನ ಉಬ್ಬರ ನಮ್ಮ ಕರಾವಳಿಯದಕ್ಕಿಂತ ಬಲು ದೊಡ್ಡದು. ಮಂಗಳೂರು ಮಲ್ಪೆಗಳಲ್ಲಿ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಉಬ್ಬರದ ಮಟ್ಟ ನಾಲ್ಕೂವರೆ ಮೀಟರನ್ನೂ ದಾಟುತ್ತದೆ. ಅದರೊಂದಿಗೆ ಮಳೆ ಕೂಡಿದರೆ ನಗರದ ತಗ್ಗು ಬೀದಿಗಳ ಗತಿ ಏನಾಗುತ್ತದೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಇಳಿತದ ವೇಳೆ ಖಾಡಿಯ ನೀರೆಲ್ಲ ಹೊರಕ್ಕೆ ಧಾವಿಸುತ್ತದೆ. ಕಡಲ ಗಾಳಿ ಒಳಕ್ಕೆ ತಳ್ಳುತ್ತದೆ. ಎರಡೂ ಮುಖಾಮುಖಿಯಾದಲ್ಲಿ ತೆರೆ ನೆಟ್ಟಗೆ ನಿಲ್ಲುತ್ತದೆ. ಹಿನ್ನೀರಿನಲ್ಲಿ ಏಳುವ ತೆರೆಯ ಸೋದರ ಸಂಬಂಧಿ ಇದೇ ಎಂದು ತೋರಿಸುವುದಕ್ಕಾಗಿಯೇ ಗಂಗೊಳ್ಳಿಯವರು ಇಳಿತದ ಹೊತ್ತು ನೋಡಿ ನಮ್ಮನ್ನು ಕರೆತಂದಿದ್ದರು.

ನೀರು ಇಳಿದು ಕೆಸರಿನ ಮೇಲೆ ಕುಳಿತಿದ್ದ ದೋಣಿಗಳ ನಡುವೆ ನಡೆದೆವು. ಒಂದೊಂದರ ಪಕ್ಕದಲ್ಲಿಯೂ ದೇಶದ, ರಾಜ್ಯದ ಅಕ್ಷರಗಳೊಂದಿಗೆ ನೋಂದಣಿಯ ಸಂಖ್ಯೆ ಬರೆದಿತ್ತು. ಕಡತದ ಸಂಖ್ಯೆ ಓದಿ ಅಭ್ಯಾಸವಾದ ನಮಗೆ ಅದೊಂದು ಸಮಾಧಾನ. ಮೂತಿ ಎತ್ತರ, ಚೂಪು. ತಳದ ನಡುವೆ ಉದ್ದಕ್ಕೂ ಬೆನ್ನೆಲುಬಿನಂಥ ತೊಲೆ. ಬಲೆ ಹೊಲಿಯುತ್ತ ಕುಳಿತಿದ್ದ ಒಬ್ಬ ಹಿರಿಯ ತಾಂಡೇಲರನ್ನು ಗಂಗೊಳ್ಳಿಯವರು ಮರಾಠಿಯಲ್ಲಿ ಮಾತಿಗೆಳೆದರು. ತಳ ಚಪ್ಪಟೆಯಾದರೇನು, ಚೂಪಾದರೇನು ಎಂದು ನಾವು ಕೇಳಿದಾಗ ಆತ ಬಾಯಿಂದ ಉತ್ತರ ಹೇಳಲಿಲ್ಲ. ಪಕ್ಕದ ಬಕೆಟ್ಟಿನ ನೀರನ್ನು ಅಂಗೈಯಿಂದ ಫಟ್ಟೆಂದು ಹೊಡೆದರು. ನೀರು ನಮ್ಮ ಮುಖಕ್ಕೆ ಸಿಡಿಯಿತು. ಆಮೇಲೆ ಅದೇ ಕೈಯನ್ನು ಓರೆಯಾಗಿಸಿ ಕತ್ತಿಯಂತೆ ಇಳಿಸಿದರು. ನೀರು ಸದ್ದಿಲ್ಲದೆ ದಾರಿ ಬಿಟ್ಟಿತು. ಕಾಲೇಜಿನ ಭೌತಶಾಸ್ತ್ರದ ತರಗತಿಯಲ್ಲಿಯೂ ನಮಗೆ ಇಷ್ಟು ಬೇಗ ಅರ್ಥವಾದದ್ದಿಲ್ಲ.

ಹಾಗಾದರೆ ಚೂಪು ತಳವೇ ಸರಿ ಎಂದು ಸಾಗರದವರು ಬರೆದುಕೊಳ್ಳತೊಡಗಿದರು. ತಾಂಡೇಲರು ತಲೆಯಾಡಿಸಿದರು. ಪೂರ್ತಿ ಚೂಪಾದ ತಳ ಓಡುವಾಗ ಚೆನ್ನ, ನಿಂತಾಗ ತೂಗಾಡುತ್ತದೆ. ಒಂದೇ ಪಕ್ಕದಿಂದ ಇಬ್ಬರು ಬಲೆ ಎಳೆದರೆ ವಾಲುತ್ತದೆ. ತಗ್ಗು ನೀರಿನಲ್ಲಿ ತಳ ಕಚ್ಚುತ್ತದೆ. ಬಲೆಗಾರನಿಗೆ ಬೇಕಾದದ್ದು ಎರಡರ ಮಧ್ಯದ್ದು: ಮುಂದೆ ತೆರೆ ಸೀಳುವ ಚೂಪು, ಹಿಂದಕ್ಕೆ ಬಂದ ಹಾಗೆಲ್ಲ ಅಗಲವಾಗಿ ಕೂರುವ ತಳ. ಕಡಲಿಗೆ ಹೋಗುವ ವೇಗದ ದೋಣಿಗಳ ತಳ ಹಿಂಭಾಗದಲ್ಲಿಯೂ ಇಪ್ಪತ್ತು ಡಿಗ್ರಿಯ ಸುಮಾರು ಓರೆಯಾಗಿರುತ್ತದೆ. ನಮ್ಮ ಕೆಲಸಕ್ಕೆ ಹತ್ತು ಹನ್ನೆರಡು ಡಿಗ್ರಿ ಸಾಕು.

“ನಿಮ್ಮಲ್ಲಿ ಅಲ್ಯುಮಿನಿಯಂ ದೋಣಿ ಏಕೆ ಕಾಣುವುದಿಲ್ಲ?” ಎಂದು ಕೇಳಿದೆವು. ಆತನ ಉತ್ತರ ಒಂದೇ ಮಾತು: ಉಪ್ಪು.

ಈ ಒಂದು ಮಾತನ್ನು ಬಿಡಿಸಿ ತಿಳಿಯಲು ನಮಗೆ ಆ ವಾರವೆಲ್ಲ ಬೇಕಾಯಿತು. ಅಲ್ಯುಮಿನಿಯಂ ಗಾಳಿಗೆ ತೆರೆದೊಡನೆ ತನ್ನ ಮೈಮೇಲೆ ತಾನೇ ಒಂದು ತೆಳು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಕಬ್ಬಿಣದಂತೆ ತುಕ್ಕು ತಿನ್ನದಿರುವುದು ಅದರಿಂದಲೇ. ಸ್ವಲ್ಪ ಮೆಗ್ನೀಸಿಯಂ ಕೂಡಿಸಿದ 5052, 5083 ಎಂಬ ಸಂಖ್ಯೆಯ ಮಿಶ್ರಲೋಹಗಳು ಉಪ್ಪುನೀರನ್ನೂ ತಾಳುತ್ತವೆ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮರದ ದೋಣಿಗಳ ತಳಕ್ಕೆ ತಾಮ್ರದ ಬದಲು ಇಂಥ ತಗಡನ್ನು ಹೊದಿಸಿ ನೋಡಿದ್ದುಂಟು. ಆದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಂಗೆ ತಾಮ್ರವೋ ಹಿತ್ತಾಳೆಯೋ ತಾಗಿಕೊಂಡಿದ್ದರೆ ಎರಡೂ ಸೇರಿ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯುಮಿನಿಯಂ ಸವೆದುಹೋಗುತ್ತದೆ. ಕೋಳಿವಾಡೆಯ ಬಡಗಿಗೆ ಮರ ಗೊತ್ತು, ಫೈಬರ್ ಮೆತ್ತುವುದು ಗೊತ್ತು; ಈ ಲೋಹದ ಬೆಸುಗೆಗೆ ಆರ್ಗಾನ್ ಅನಿಲದ ಸಲಕರಣೆ ಬೇಕು. ಕೆಟ್ಟರೆ ಸರಿಮಾಡುವವರು ಹತ್ತಿರವಿಲ್ಲದ ವಸ್ತುವನ್ನು ಕಡಲಿಗೆ ಹೋಗುವವನು ನಂಬುವುದಿಲ್ಲ. ಮೇಲಾಗಿ ಹಗುರ ಎಂಬುದು ನೀರಿನ ಮೇಲೆ ಎಲ್ಲ ವೇಳೆಯಲ್ಲಿಯೂ ಗುಣವಲ್ಲ. ಹಗುರ ದೋಣಿಯನ್ನು ಗಾಳಿ ತರಗೆಲೆಯಂತೆ ತಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಸಾಗರದವರ ಮುಖ ಸಣ್ಣದಾಯಿತು. ಅಲ್ಯುಮಿನಿಯಂ ಬೇಡವೇ ಬೇಡ ಎಂದರು. ಆಗ ಗಂಗೊಳ್ಳಿಯವರೇ ಅದರ ಪರ ವಕಾಲತ್ತು ಹಿಡಿದರು. ವರ್ಸೋವಾದ ನೀರಿಗೆ ಸಲ್ಲದ್ದು ತುಮರಿಯ ನೀರಿಗೆ ಸಲ್ಲಬಾರದೆಂದು ಎಲ್ಲಿ ಬರೆದಿದೆ? ಹಿನ್ನೀರಿನಲ್ಲಿ ಉಪ್ಪಿಲ್ಲ. ಅಲ್ಲಿಯ ಶತ್ರುಗಳೇ ಬೇರೆ. ಮುಳುಗಿದ ಕಾಡಿನ ಕೊರಡುಗಳು ನೀರಿನ ಕೆಳಗೆ ಚೂಪಾಗಿ ನಿಂತಿವೆ. ಅವುಗಳಿಗೆ ತಾಗಿದರೆ ಫೈಬರ್ ಸೀಳುತ್ತದೆ, ದಪ್ಪ ಅಲ್ಯುಮಿನಿಯಂ ತಗ್ಗಾಗುತ್ತದೆ, ಅಷ್ಟೆ. ಬೇಸಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದು, 1948ರ ಹಿರೇಭಾಸ್ಕರ ಅಣೆಕಟ್ಟು ಸಹ ತಲೆ ಎತ್ತುವ ಕಾಲಕ್ಕೆ, ಮನೆಯಿಂದ ನೀರಿನವರೆಗೆ ದೋಣಿಯನ್ನು ಕೆಸರಿನ ಮೇಲೆ ಎಳೆಯಬೇಕು. ಎಳೆಯುವವರು ಒಬ್ಬ ಗಂಡಸು, ಒಬ್ಬ ಹುಡುಗ. ಉಕ್ಕಿನ ಮೂರರಲ್ಲಿ ಒಂದು ಪಾಲು ತೂಕದ ಈ ಲೋಹದ ಹಗುರ ಅಲ್ಲಿ ದೊಡ್ಡ ಗುಣ. ಕಡಲಿನವನಿಗೆ ದೋಷವಾದ ಹಗುರ ಹಿನ್ನೀರಿನವನಿಗೆ ಕೆಲಸಕ್ಕೆ ಬಂತು. ಬೆಸುಗೆಯವರು ಶಿವಮೊಗ್ಗದಲ್ಲಿದ್ದಾರೆಂದು ತಮ್ಮನೇ ವಿಚಾರಿಸಿ ತಿಳಿಸಿದ.

ಮೂರನೆಯ ಭಾನುವಾರ ಡಾಕಯಾರ್ಡ್ ರೋಡಿನಲ್ಲಿ ಇಳಿದು ಭಾವೂಚಾ ಧಕ್ಕೆಗೆ ನಡೆದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಧಕ್ಕೆ ಕಟ್ಟಿಸಿದ ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯರನ್ನು ಜನ ‘ಭಾವೂ’ ಎಂದು ಕರೆಯುತ್ತಿದ್ದರು. ಹೆಸರು ಧಕ್ಕೆಗೆ ಉಳಿಯಿತು. ಒಂದು ಪಕ್ಕದಲ್ಲಿ ಮೀನಿನ ಬುಟ್ಟಿಗಳ ಗದ್ದಲ, ಇನ್ನೊಂದು ಪಕ್ಕದಲ್ಲಿ ಉರಣದ ಮೋರಾ ಬಂದರಿಗೆ ಹೋಗುವ ಲಾಂಚಿನ ಸಾಲು. ಚೀಟಿ ಪಡೆದು ಲಾಂಚು ಹತ್ತಿದೆವು. ಚಳಿಗಾಲದ ಬೆಳಗು, ನೀರು ಎಣ್ಣೆಯಂತೆ ಮಲಗಿತ್ತು. ಪಕ್ಕದಲ್ಲಿ ಉರಣದ ಮುದುಕಿಯೊಬ್ಬರು ತರಕಾರಿಯ ಚೀಲದ ಮೇಲೆ ತಲೆಯಿಟ್ಟು ನಿದ್ರೆ ಹೋದರು.

ಇದೇ ಧಕ್ಕೆಯಿಂದ 1947ರ ಜುಲೈ 17ರ ಬೆಳಗ್ಗೆ ‘ರಾಮದಾಸ’ ಎಂಬ ಹಡಗು ರೇವಸಕ್ಕೆ ಹೊರಟಿತ್ತು. ಆಷಾಢದ ಅಮಾವಾಸ್ಯೆ, ನಮ್ಮಲ್ಲಿ ಭೀಮನ ಅಮಾವಾಸ್ಯೆ ಎಂದು ಹೆಣ್ಣುಮಕ್ಕಳು ಗಂಡನ, ಅಣ್ಣತಮ್ಮಂದಿರ ಆಯುಷ್ಯಕ್ಕಾಗಿ ದೀಪ ಹಚ್ಚುವ ದಿನ. ಹಬ್ಬಕ್ಕೆ ಊರಿಗೆ ಹೊರಟ ಕೊಂಕಣದ ಜನ ಹಡಗಿನ ತುಂಬ. ದಾರಿಯಲ್ಲಿ ಮಳೆಗಾಳಿ ಎದ್ದು ತೆರೆ ಒಳಕ್ಕೆ ನುಗ್ಗಿತು, ಹೆದರಿದ ಜನ ಒಂದೇ ಪಕ್ಕಕ್ಕೆ ಧಾವಿಸಿದರು, ಹಡಗು ಮಗುಚಿತು. 600ಕ್ಕೂ ಹೆಚ್ಚು ಜನ ಸತ್ತರು. ಬದುಕಿದವರಲ್ಲಿ ಹಲವರನ್ನು ಎತ್ತಿಕೊಂಡದ್ದು ಮೀನು ಹೊತ್ತು ಮುಂಬಯಿಗೆ ಬರುತ್ತಿದ್ದ ಕೋಳಿಗಳ ದೋಣಿಗಳು. ದೊಡ್ಡ ಹಡಗು ಮುಳುಗಿದ ನೀರಿನಲ್ಲಿ ಸಣ್ಣ ದೋಣಿಗಳು ನಿಂತವು.

ಅದು ಹಳೆಯ ಮಾತಾಯಿತು ಎನ್ನುವಂತೆಯೂ ಇಲ್ಲ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಘಾರಾಪುರಿಗೆ ಹೊರಟಿದ್ದ ‘ನೀಲಕಮಲ’ ಎಂಬ ದೋಣಿಗೆ ನೌಕಾದಳದ ವೇಗದ ದೋಣಿಯೊಂದು ಬಡಿದು 15 ಜನ ತೀರಿಕೊಂಡರು. ಅಂದು ನೀರಿನಲ್ಲಿ ಬಿರುಗಾಳಿ ಇರಲಿಲ್ಲ. 100ಕ್ಕೂ ಹೆಚ್ಚು ಜನ ದೋಣಿಯಲ್ಲಿದ್ದರು. ಆಮೇಲೆ ಅಲ್ಲಿ ತೇಲುಕವಚ ತೊಡದೆ ದೋಣಿ ಹತ್ತಬಾರದೆಂಬ ಕಟ್ಟುನಿಟ್ಟು ಬಂತು.

ಮೋರಾದಿಂದ ಮರಳುವಾಗ ಲಾಂಚಿನ ಮೂಲೆಯಲ್ಲಿ ಕುಳಿತು ನಾವು ಕಾಗದದ ಮೇಲೆ ಭಾರದ ಲೆಕ್ಕ ಮಾಡಿದೆವು. ತಮ್ಮ 60 ಕಿಲೋ, ಹುಡುಗ 40. ನೆನೆದ ಬಲೆ 60. ಒಳ್ಳೆಯ ದಿನದಲ್ಲಿ ಮೀನು ಮಂಜುಗಡ್ಡೆ ಸೇರಿ 100. 15 ಅಶ್ವಶಕ್ತಿಯ ಎಂಜಿನು 45. ಎಣ್ಣೆಯ ಡಬ್ಬ 20. ಆಯಿತು 325. ಅಷ್ಟರಲ್ಲಿ ನೆರೆಮನೆಯವರು “ನಮ್ಮನ್ನೂ ಆಚೆ ದಡಕ್ಕೆ ಬಿಟ್ಟುಬಿಡು” ಎಂದು ಅಕ್ಕಿಚೀಲದೊಂದಿಗೆ ಬಂದರೆ ಇಲ್ಲವೆನ್ನುವ ಪದ್ಧತಿ ನಮ್ಮ ಹಳ್ಳಿಗಳಲ್ಲಿಲ್ಲ. ಭಾರ ಏರಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಒಮ್ಮೆ ಒಳಬಂದ ನೀರು ಸುಮ್ಮನೆ ಕೂರುವುದಿಲ್ಲ. ಎರಡು ನೂರು ಲೀಟರು ನೀರೆಂದರೆ 200 ಕಿಲೋ. ದೋಣಿ ಎತ್ತ ವಾಲಿತೋ ಅತ್ತಲೇ ಅದೂ ಓಡಿ ಇನ್ನಷ್ಟು ವಾಲಿಸುತ್ತದೆ. ಇಬ್ಬರು ಗಟ್ಟಿ ಆಳುಗಳು ಕತ್ತಲಲ್ಲಿ ಒಂದು ಪಕ್ಕಕ್ಕೆ ಜಿಗಿದಂತೆ.

ಇನ್ನೊಂದು ಮಾತು ನಮ್ಮ ಅಡಿಗೆಮನೆಯಲ್ಲಿಯೇ ಕಾಣುವಂಥದು. ಅಲ್ಯುಮಿನಿಯಂ ಪಾತ್ರೆಯನ್ನು ಬಕೆಟ್ಟಿನಲ್ಲಿ ಬಿಟ್ಟರೆ ತೇಲುತ್ತದೆ. ಅಂಚಿನಿಂದ ನೀರು ತುಂಬಿತೋ, ತಳ ಕಾಣುತ್ತದೆ. ಮರದ ದೋಣಿ ಮಗುಚಿದರೂ ಹಿಡಿದುಕೊಳ್ಳಲು ತೇಲುತ್ತಿರುತ್ತದೆ. ಲೋಹದ ದೋಣಿಗೆ ಆ ಕರುಣೆ ಇಲ್ಲ. ಆದ್ದರಿಂದ ಕೂರುವ ಹಲಗೆಗಳ ಕೆಳಗೆ, ಮೂತಿಯೊಳಗೆ, ನೀರು ಹೀರದ ಜಾತಿಯ ಫೋಮನ್ನು ತುಂಬಿಸಿರಬೇಕು. ತುಂಬಿಸಿದ್ದೇವೆ ಎಂದು ಮಾರುವವರು ಹೇಳಿದರೆ ಸಾಲದು. ದೋಣಿಯನ್ನು ನೀರಿನಲ್ಲಿಟ್ಟು, ಅದರೊಳಗೆ ಅಂಚಿನವರೆಗೆ ನೀರು ತುಂಬಿ, ಆಗಲೂ ತೇಲುತ್ತದೆಯೇ ಎಂದು ತೋರಿಸಬೇಕು. ನಾವು ಈ ಷರತ್ತನ್ನು ಬರೆದು ಕಳಿಸಿದಾಗ ಮೂವರಲ್ಲಿ ಇಬ್ಬರು ಮಾತ್ರ ಒಪ್ಪಿದರು. ಒಪ್ಪದವರ ದರಪಟ್ಟಿಯೇ ಅತ್ಯಂತ ಅಗ್ಗದ್ದಾಗಿತ್ತು.

ಆ ವಾರ ನಾವು ಸಿದ್ಧಪಡಿಸಿದ ಟಿಪ್ಪಣಿ ಹೀಗಿತ್ತು. ಉದ್ದ 16 ಅಡಿ, ಅಗಲ ಆರಡಿಗೆ ಹತ್ತಿರ. ಮೂತಿ ಎತ್ತರ, ಚೂಪು. ಹಿಂದಕ್ಕೆ ತಳ ಅಗಲ. ತಳದ ತಗಡು 5052ರದು, 3 ಮಿಲಿಮೀಟರು ದಪ್ಪ. ರಿವೆಟ್ಟಿನ ಜೋಡಣೆ ಅಗ್ಗವಾದರೂ ತೆರೆಯ ಹೊಡೆತಕ್ಕೆ ವರ್ಷ ಕಳೆದಂತೆ ಹಳೆಯ ಟ್ರಂಕಿನ ಹಾಗೆ ಸಡಿಲಾಗುವುದರಿಂದ ಬೆಸುಗೆಯದೇ ಆಗಬೇಕು. ಎಂಜಿನು ಕೂರುವ ಹಿಂಬದಿಯ ಹಲಗೆ ತಗ್ಗಾಗಿರಬಾರದು. ಹಿಂದಿನಿಂದ ಬಂದ ತೆರೆ ಒಳನುಗ್ಗುವುದು ಅಲ್ಲಿಂದಲೇ. ಎಂಜಿನಿದ್ದರೂ ಎರಡು ಹುಟ್ಟು, ಉದ್ದನೆಯ ಹಗ್ಗ, ಲಂಗರು, ನೀರು ತೋಡುವ ಡಬ್ಬ. ತಾಮ್ರ ಬೆರೆತ ಬಣ್ಣ ಬೇಡ. ತೇಲುಕವಚ ನಾಲ್ಕು, ಅವುಗಳಲ್ಲಿ ಒಂದು ಹುಡುಗನ ಅಳತೆಯದು. ತಯಾರಕರು ಹೇಳಿದ ಭಾರದ ಮಿತಿಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೇರತಕ್ಕದ್ದಲ್ಲ. ಎಂಜಿನು ಇರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ನೋಂದಣಿ, ಬಲೆಗೆ ಮೀನುಗಾರಿಕೆ ಇಲಾಖೆಯ ಪರವಾನಿಗೆ. ಕೊನೆಯ ಎರಡು ಸಾಲುಗಳನ್ನು ಬರೆಯುವಾಗ ಮಾತ್ರ ನಮ್ಮ ಕೈ ಯಾರನ್ನೂ ಕೇಳದೆ ಓಡಿತು.

ಇಷ್ಟಕ್ಕೆ ಬಿದ್ದ ಖರ್ಚು ಮೊದಲ ದರಪಟ್ಟಿಯ ಒಂದೂವರೆ ಪಟ್ಟಿಗಿಂತ ಮೇಲೆ. ಭವಿಷ್ಯನಿಧಿಯ ಮುಂಗಡ ಸಾಲಲಿಲ್ಲ. ಸಾಗರದವರ ಮನೆಯಲ್ಲಿ ಆ ವರ್ಷ ಗೋಡೆಗೆ ಬಣ್ಣ ಹೊಡೆಸಿ, ಸೋರುವ ಕಿಟಕಿಯನ್ನು ಬದಲಿಸಬೇಕೆಂದು ಹಣ ತೆಗೆದಿರಿಸಿದ್ದರು. ಸಂಜೆ ನಾವು ಮೂವರೂ ಚಹದ ಬಟ್ಟಲು ಹಿಡಿದು ಮಾತಿಲ್ಲದೆ ಕುಳಿತಿದ್ದಾಗ ಅತ್ತಿಗೆಯವರೇ ಒಳಗಿನಿಂದ ಬಂದರು.

“ಕಿಟಕಿ ಸೋರಿದರೆ ಬಕೆಟ್ಟು ಇಡುತ್ತೇನೆ. ನೀವು ಹದಿನಾರು ಅಡಿಯದನ್ನೇ ಹೇಳಿ,” ಎಂದರು.

ದೋಣಿ ಹೋಯಿತು. ಜಲಾಶಯ ತುಂಬಿದ ಮೇಲೆ ತಮ್ಮನ ವರದಿಯೂ ಬಂತು. ಸುಖದ ಸುದ್ದಿ ಮಾತ್ರವಲ್ಲ, ದೂರುಗಳೂ ಇದ್ದವು. ತೆರೆ ಬಡಿದರೆ ಡಬ್ಬದಂತೆ ಸದ್ದು ಮಾಡುತ್ತದೆ, ಮೀನು ಹೆದರುತ್ತದೆ. ತಳಕ್ಕೆ ತೆಂಗಿನ ನಾರಿನ ಚಾಪೆ ಹಾಸಿದ್ದೇನೆ ಎಂದ. ಮಧ್ಯಾಹ್ನದ ಬಿಸಿಲಿಗೆ ಅಂಚು ಮುಟ್ಟಲಾಗದಷ್ಟು ಕಾಯುತ್ತದೆ. ಬರಿದಾಗಿದ್ದಾಗ ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ವರ್ಸೋವಾದ ತಾಂಡೇಲರ ಮಾತು ಸುಳ್ಳಾಗಲಿಲ್ಲ. ಒಂದು ಸಂಜೆ ಹಿಂದಿನ ವರ್ಷದಂಥದೇ ಗಾಳಿ ಬಂತಂತೆ. ತೆರೆಗೆ ತುಸು ಓರೆಯಾಗಿ ಮೂತಿ ಕೊಟ್ಟು, ಇಬ್ಬರೂ ತಗ್ಗಾಗಿ ಕುಳಿತು, ಎಂಜಿನನ್ನು ನಿಧಾನಕ್ಕೆ ಇಟ್ಟು ಬಂದರು. ಮೈ ನೆನೆಯಿತು, ಬಲೆ ಉಳಿಯಿತು. “ಆದರೂ ಅಣ್ಣಯ್ಯ, ಗಾಳಿಯ ದಿನ ಮಧ್ಯಾಹ್ನದ ಮೇಲೆ ದೊಡ್ಡ ನೀರಿಗೆ ಇಳಿಯುವುದಿಲ್ಲ. ಇವಳಿಗೆ ಮಾತು ಕೊಟ್ಟಿದ್ದೇನೆ,” ಎಂದ. ನಮ್ಮ ಟಿಪ್ಪಣಿಯಲ್ಲಿ ಈ ಷರತ್ತು ಇರಲಿಲ್ಲ. ಎಲ್ಲಕ್ಕಿಂತ ಮೇಲಿನ ಷರತ್ತು ಅದೇ ಎಂದು ಗಂಗೊಳ್ಳಿಯವರು ತೀರ್ಪು ಕೊಟ್ಟರು.

ಮುಂಬಯಿಯ ಕೋಳಿಗಳೂ ನಮ್ಮ ಕರಾವಳಿಯವರೂ ಬಲ್ಲ ಷರತ್ತು ಅದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಕಾಯಿದೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿಯವರು ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ದೋಣಿ ಇಳಿಸುತ್ತ ಬಂದವರು, ನಮ್ಮವರು ಸಮುದ್ರಪೂಜೆ ಮಾಡಿ. ಎಷ್ಟೇ ಒಳ್ಳೆಯ ದೋಣಿಯಿದ್ದರೂ ನೀರಿಗೆ ಇಳಿಯಬಾರದ ದಿನಗಳುಂಟು ಎಂಬುದು ಆ ತೆಂಗಿನಕಾಯಿಯ ಅರ್ಥವೆಂದು ನಾವು ತಿಳಿದಿದ್ದೇವೆ.

ಇದನ್ನು ಓದುವವರಲ್ಲಿ ದೋಣಿ ಕೊಳ್ಳುವವರು ಹೆಚ್ಚಿರಲಾರರು. ಆದರೆ ದೋಣಿ ಹತ್ತದವರು ಯಾರು? ರಜೆಯಲ್ಲಿ ಊರಿನಿಂದ ಬಂದ ನೆಂಟರನ್ನು ಘಾರಾಪುರಿಗೆ ಕರೆದೊಯ್ಯುತ್ತೇವೆ. ಮಕ್ಕಳೊಂದಿಗೆ ಗೊರಾಯಿಗೆ, ಮನೋರಿಗೆ ಖಾಡಿ ದಾಟುತ್ತೇವೆ. ಊರಿಗೆ ಹೋದಾಗ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುತ್ತೇವೆ. ಸಿಗಂದೂರಿಗೆ ಮಾತ್ರ 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯಬೇಕಾಗಿಲ್ಲ. ಉಳಿದೆಡೆ ದೋಣಿ ತಪ್ಪದು. ಹತ್ತುವ ಮೊದಲು ಅರ್ಧ ನಿಮಿಷ ದಡದಲ್ಲಿ ನಿಲ್ಲಿ. ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ನೋಡಿ. ಎಷ್ಟು ಜನ ಹತ್ತಿದ್ದಾರೆ, ಎಷ್ಟು ಜನಕ್ಕೆ ಎಂದು ಬರೆದಿದೆ ನೋಡಿ. ಮಗುವಿನ ತೇಲುಕವಚ ಮಗುವಿನ ಅಳತೆಯದೋ, ಕುತ್ತಿಗೆಯಿಂದ ಜಾರುವ ದೊಡ್ಡವರದೋ ನೋಡಿ. ಮುಗಿಲಿನ ಕಡೆ ಒಮ್ಮೆ ನೋಡಿ. ಮನಸ್ಸು ಒಪ್ಪದಿದ್ದರೆ ಚೀಟಿಯ ಹಣ ಹೋದರೆ ಹೋಗಲಿ, ಮುಂದಿನ ದೋಣಿಗೆ ಕಾಯಿರಿ. ಅಷ್ಟರಲ್ಲಿ ದಡದಲ್ಲಿ ಕಡಲೆಕಾಯಿ ಮಾರುವವನು ಬಂದೇ ಬರುತ್ತಾನೆ.